ಮರಳು ಹಾಕದ ಬಳೆ

14 ಏಪ್ರಿಲ್ 1945, ಶನಿವಾರ. ಸಂಜೆ.

ಮೂರನೇ ಕಾಂಕ್ರೀಟು ಅಚ್ಚೂ ಹೋಯಿತು. ಕೇರಿಗೇ ದಪ್ಪಗಿರೋ ಮುದ್ದಮ್ಮ ತೊಲೆಯ ತುದಿಗೆ ಕೂತಳು, ಪಟ್ ಅಂತ ಒಡೆಯಿತು. "ನಾನ್ ಕೂತ್ರೆ ಕಲ್ಲೂ ನಿಲ್ಲಾಕಿಲ್ಲ ಕಣ್ಲಾ ದೇವಾ" ಅಂತ ಎದ್ದು ಸೀರೆ ಕೊಡವಿಕೊಂಡಳು. ಎಲ್ಲರೂ ನಕ್ಕರು. ನಾನೂ ನಕ್ಕೆ. 

ಅಚ್ಚು ಎಷ್ಟು ಭಾರ ತಡೆಯುತ್ತೆ ಅಂತ ನೋಡೋಕೆ ಕಾಲೇಜಿನಲ್ಲಿ ಮಿಷೀನು ಇದೆ. ಫಸ್ಟ್ ಇಯರ್‌ನವರು ಬಾಗಿಲಲ್ಲಿ ನಿಂತು ನೋಡಬೇಕು, ಅಷ್ಟೆ. ಇಲ್ಲಿ ಹಳೇ ಏತದ ತೊಲೆ. ಒಂದು ತುದಿ ಹುಣಿಸೆ ಬೇರಿನ ಅಡಿ ಸಿಕ್ಕಿಸಿದೀನಿ. ಬೇರಿನ ಪಕ್ಕದಲ್ಲೇ, ತೊಲೆಯ ಕೆಳಗೆ, ಕಾಂಕ್ರೀಟಿನ ಅಚ್ಚು. ಇನ್ನೊಂದು ತುದಿಯಲ್ಲಿ ಜನ ಒಬ್ಬೊಬ್ಬರಾಗಿ ಕೂರೋದು, ಅಚ್ಚು ಒಡೆಯುವವರೆಗೆ. ಅಚ್ಚು ಹುಯ್ಯೋಕೆ ಕೆಂಪಯ್ಯನವರ ಆಲೆಮನೆಯ ಹಳೇ ಬೆಲ್ಲದ ಮಣೆ, ಬೆಲ್ಲ ಅಚ್ಚು ಹಾಕೋ ಮರದ ಹಲಗೆ. ಅವ್ವ ಅಲ್ಲಿ ಕೆಲಸಕ್ಕೆ ಹೋಗ್ತಾಳೆ, ಕೇಳಿ ತಂದಳು. ತೊಳೆಯದೆ ಹುಯ್ದೆನೋ ಏನೋ, ಮೊದಲ ಅಚ್ಚಿನ ಮೂಲೆ ಪುಡಿಪುಡಿ.

ಯಾಕೆ ಇದೆಲ್ಲ ಅಂತ ಬರೆದಿಡಬೇಕು. ಇಲ್ಲದಿದ್ದರೆ ತಲೆ ಕೆಡುತ್ತೆ.

ನಮ್ಮ ಕೇರಿಗೆ ಬಾವಿ ಇಲ್ಲ. ಊರ ಬಾವಿ ನಾವು ಮುಟ್ಟೋ ಹಾಗಿಲ್ಲ. ನಾಲೆ ನೀರು ಕುಡೀತೀವಿ. ಹೋದ ವರ್ಷ ಸರ್ಕಾರ ಬಾವಿ ಸ್ಯಾಂಕ್ಷನ್ ಮಾಡಿತು. ಅಗೆದವನು ಅಪ್ಪ. ಮೇಲೆ ಗಟ್ಟಿ ಮಣ್ಣು, ಕೆಳಗೆ ಬರೀ ಮರಳು. ನೀರು ಕಂಡ ಕೂಡಲೇ ಮರಳು ಕುಸಿದು ಅಪ್ಪ ಎದೆಮಟ್ಟ ಹೂತುಹೋದ. ಹಗ್ಗ ಹಾಕಿ ಎಳೆದರು. ನಾನು ಹಾಸ್ಟೆಲ್‌ನಲ್ಲಿದ್ದೆ. ಗೊತ್ತಾಗಿದ್ದು ರಜಕ್ಕೆ ಬಂದ ಮೇಲೆ.

ಈ ವರ್ಷ ಓವರ್ಸಿಯರ್ ಬೋರಯ್ಯನವರದು ಹೊಸ ಐಡಿಯಾ. ಮರಳನ್ನೇ ಹಾಕದ ಕಾಂಕ್ರೀಟು. ಬರೀ ಜೆಲ್ಲಿ, ಸಿಮೆಂಟು, ನೀರು. ಕಲ್ಲು ಕಲ್ಲಿಗೆ ಅಂಟಿಕೊಳ್ಳುತ್ತೆ, ನಡುವೆ ಸಂದು ಉಳಿಯುತ್ತೆ. ಸಂದಿನಿಂದ ನೀರು ಒಳಕ್ಕೆ ಬರುತ್ತೆ, ಮರಳು ಹೊರಗೇ ನಿಲ್ಲುತ್ತೆ. ಹಾಗೆ ನಾಲ್ಕು ರಿಂಗು (ಕೇರಿಯವರ ಬಾಯಲ್ಲಿ ಬಳೆ) ಮಾಡಿ, ಅದೇ ಗುಂಡಿಯೊಳಗೆ ಒಂದರ ಮೇಲೊಂದು ಇಳಿಸೋದು. ರಿಂಗಿನೊಳಗೆ ಕೂತು ಅಡಿಯ ಮರಳು ತೆಗೆದರೆ ಅದು ತನ್ನ ಭಾರಕ್ಕೆ ತಾನೇ ಇಳಿಯುತ್ತೆ.

ಒಳಗೆ ಕೂರೋನು ಅಪ್ಪ. ರಿಂಗು ಒಡೆದರೆ...

"ಇಂಜಿನಿಯರಿಂಗ್ ಓದ್ತಿದೀಯಲ್ಲಯ್ಯ, ಯಾವುದು ಎಷ್ಟು ಹಾಕ್ಬೇಕು ಅಂತ ನೀನೇ ನೋಡು" ಅಂದರು ಬೋರಯ್ಯನವರು. ಓದಿರೋದು ಒಂದೇ ವರ್ಷ ಸಾರ್ ಅನ್ನಬೇಕಿತ್ತು. "ಯೆಸ್ ಸಾರ್" ಅಂದೆ.

16 ಏಪ್ರಿಲ್, ಸೋಮವಾರ

ಕಲ್ಲಿನ ವಿಷಯ ಇವತ್ತು ಇತ್ಯರ್ಥ.

ಮದ್ದೂರಿಂದ ಬಂದ ಗಾಡಿಯಲ್ಲಿ ಶಿಂಷಾ ಹೊಳೆಯ ಉರುಟುಗಲ್ಲು. ನೋಡೋಕೆ ಚೆಂದ, ನುಣ್ಣಗೆ. ಮಳವಳ್ಳಿ ಕಡೆಯಿಂದ ಬಂದಿದ್ದು ಒಡೆದ ಜೆಲ್ಲಿ, ಮೂಲೆಮೂಲೆ, ಕೈಗೆ ಚುಚ್ಚುತ್ತೆ. ಎರಡಕ್ಕೂ ಅಷ್ಟೇ ಸಿಮೆಂಟು, ಅಷ್ಟೇ ನೀರು.

ಹೊಳೆಗಲ್ಲಿನ ಅಚ್ಚು ಅಪ್ಪ ಒಬ್ಬನೇ ಕೂತರೆ ಒಡೆಯಿತು. ಕಲ್ಲು ಒಡೆದಿಲ್ಲ, ಅಂಟು ಬಿಟ್ಟಿದೆ. ಒಂದೊಂದು ಕಲ್ಲೂ ತೊಳೆದಿಟ್ಟ ಹಾಗೆ ಆಚೆ ಬಂತು. ಜೆಲ್ಲಿಯದು ಅಪ್ಪನಿಗೆ ಒಡೆಯಲಿಲ್ಲ, ಅಪ್ಪನ ಜೊತೆ ಮುದ್ದಮ್ಮ ಕೂತಾಗ ಒಡೆಯಿತು.

ಜೆಲ್ಲಿಯ ಮೇಲೆ ಧೂಳು ಇತ್ತು. ತೊಳೆದು ಇನ್ನೊಂದು ಮಾಡಿದೀನಿ, ನೋಡಬೇಕು.

ಈಗ ಕೇರಿಯಲ್ಲಿ ಎಲ್ಲಕ್ಕೂ ಇದೇ ಅಳತೆ. ಪಕ್ಕದ ಮನೆ ಬೀರಮ್ಮನ ರೊಟ್ಟಿ ಗಟ್ಟಿಯಾದರೆ "ಮುದ್ದಮ್ಮ ಕೂತ್ರೂ ಮುರಿಯಾಕಿಲ್ಲ" ಅಂತಾರೆ.

19 ಏಪ್ರಿಲ್, ಗುರುವಾರ

ತೊಳೆದ ಜೆಲ್ಲಿಯದು ಒಡೆಯೋಕೆ ಅಪ್ಪ, ಮುದ್ದಮ್ಮ, ಮೇಲೆ ಎದುರು ಮನೆ ನಿಂಗಯ್ಯನೂ ಕೂರಬೇಕಾಯಿತು. ಧೂಳಿಗೇ ಇಷ್ಟು ವ್ಯತ್ಯಾಸ!

ಆದರೆ ನೀರು ಕೈಕೊಡ್ತಾ ಇದೆ. ನೀರು ಜಾಸ್ತಿ ಆದರೆ ಸಿಮೆಂಟು ಹಾಲು ಕೆಳಗಿಳಿದು ತಳದಲ್ಲಿ ಗಟ್ಟಿ ಬಿಲ್ಲೆ ಕಟ್ಟುತ್ತೆ. ಅಲ್ಲಿ ನೀರು ಹಾಯಲ್ಲ, ಮೇಲಿನ ಕಲ್ಲಿಗೆ ಅಂಟೇ ಇಲ್ಲ. ಕಮ್ಮಿ ಆದರೆ ಕಲ್ಲು ಬೂದಿ ಬಳಿದ ಹಾಗೆ ಮಂಕು. ಒಣಗಿದ ಮೇಲೆ ಬೆರಳಲ್ಲಿ ಕಿತ್ತರೆ ಬರುತ್ತೆ. ಸರಿಯಾಗಿದ್ದರೆ ಕಲ್ಲು ಮಿರಮಿರ ಅನ್ನುತ್ತೆ. ಈ "ಸರಿ" ಅನ್ನೋದು ಒಂದು ಚೊಂಬು ಆಚೀಚೆ.

ಅವ್ವ ಕೇಳಿದಳು, "ಅದೇನ್ಲಾ ಕಲ್ಲಿಗೆ ನೀರು ಕಮ್ಮಿ ಆಯ್ತು, ಜಾಸ್ತಿ ಆಯ್ತು ಅಂತ ಅಳ್ತೀಯ?"

ಹೇಗೆ ಹೇಳೋದು... ಕಡ್ಲೆ ಮಿಠಾಯಿ ನೆನಪಾಯಿತು. "ಪಾಕ ನೀರಾದ್ರೆ ಏನಾಗುತ್ತವ್ವ?"

"ತಳಕ್ಕಿಳೀತದೆ. ಬೀಜ ಎಲ್ಲಾ ಬೇರೆ ಬೇರೆ."

"ಗಟ್ಟಿ ಆದ್ರೆ?"

"ಉದುರೋಯ್ತದೆ."

"ಇದೂ ಅದೇ. ಜೆಲ್ಲೀನೇ ಕಡ್ಲೆಬೀಜ, ಸಿಮೆಂಟೇ ಬೆಲ್ಲದ ಪಾಕ."

"ಅಂಗ್ ಯೋಳು ಮತ್ತೆ!" ಅಂದಳು. ಮುಖ ಅರಳಿತು. ನನಗೂ ಖುಷಿ. ಲೆಕ್ಚರರ್ ಆದ ಹಾಗೆ ಆಯಿತು ಒಂದು ನಿಮಿಷ.

24 ಏಪ್ರಿಲ್, ಮಂಗಳವಾರ

ಬೋರಯ್ಯನವರು ಸೈಕಲ್‌ನಲ್ಲಿ ಬಂದರು. ಹುಣಿಸೆ ನೆರಳಲ್ಲಿ ಸೈಕಲ್ ಒರಗಿಸಿ, ಒಡೆದ ಅಚ್ಚುಗಳನ್ನೆಲ್ಲ ಬೂಟಿನ ತುದಿಯಲ್ಲಿ ಹೊರಳಿಸಿ ನೋಡಿದರು.

ಅವರ ಹತ್ತಿರ ಇಂಗ್ಲಿಷ್ ಸರ್ಕ್ಯುಲರ್ ಇದೆ. ಅದರಲ್ಲಿ ಸಿಮೆಂಟು ಒಂದು ಪಾಲು, ಜೆಲ್ಲಿ ಹತ್ತು ಪಾಲೂ ಆಗಬಹುದು ಅಂತಿದೆ. ಹತ್ತು ಅಂದರೆ ಸಿಮೆಂಟು ಉಳಿಯುತ್ತೆ. ಸಿಮೆಂಟು ಎಲ್ಲ ಪರ್ಮಿಟ್ಟಿನ ಮೇಲೆ, ಚಾವಡಿಯಲ್ಲಿ ಬೀಗ ಹಾಕಿಟ್ಟಿದ್ದಾರೆ. ಇಷ್ಟು ಮುಗಿದರೆ ಮುಂದಿನ ವರ್ಷವೇ.

ನಾನು ಹತ್ತರದ್ದನ್ನೇ ತೊಲೆಗೆ ಕೊಟ್ಟು ತೋರಿಸಿದೆ. ಬೀರಮ್ಮನ ಮಗಳು ಕೂತರೂ ಒಡೆಯಿತು. ಎಂಟರದ್ದು ಅಪ್ಪನಿಗೆ. ಆರರದ್ದು ಮೂರು ಜನಕ್ಕೂ ನಿಂತು ನಾಲ್ಕನೆಯವನಿಗೆ ಒಡೆಯಿತು. ನಾಲ್ಕರದ್ದು ಇನ್ನೂ ಗಟ್ಟಿ, ಆದರೆ ಮೇಲೆ ನೀರು ಹುಯ್ದರೆ ನಿಂತೇ ಇರುತ್ತೆ. ಸಂದೆಲ್ಲ ಮುಚ್ಚಿಹೋಗಿದೆ. ಒಂದಕ್ಕೆ ಒಂದು ಬೊಗಸೆ ಮರಳು ಬೆರೆಸಿದ್ದೆ, ಅದೂ ಹಾಗೇ. ಗಟ್ಟಿ, ನೀರು ಹಾಯೋದು ಜಿನುಗು ಜಿನುಗು.

ಬೋರಯ್ಯನವರು, "ಲೇ ಬೆಟ್ಟ, ಒಳಗಿಳಿಯೋನು ನೀನು. ನೀ ಏನಂತೀಯ?"

ಅಪ್ಪ ಎದ್ದು ನಿಂತ. ಅವರ ಮುಂದೆ ಕೂತು ಮಾತಾಡಲ್ಲ. "ನೀರ್ ಬರ್ದಿದ್ರೆ ನಾನ್ ಯಾಕ್ ಇಳೀಲಿ ಬುದ್ದಿ? ಬಳೆ ನಿಲ್ದಿದ್ರೆ ಎಂಗ್ ಇಳೀಲಿ? ಎರಡೂ ಆಗೋದ್ನ ಮಗ ಯೋಳ್ಲಿ."

ಎಲ್ಲರೂ ನನ್ನ ಕಡೆ ನೋಡಿದರು.  "ಆರು ಸಾರ್. ಮರಳು ಬೇಡವೇ ಬೇಡ."

"ಆರು ಅಂದ್ರೆ ನಾಲ್ಕೇ ರಿಂಗಿಗೆ ಸರಿಹೋಗುತ್ತೆ ಸಿಮೆಂಟು. ಒಂದು ಕೆಟ್ಟರೂ ಮತ್ತೆ ಮಾಡೋಕಿಲ್ಲ. ಗೊತ್ತಾ?"

"ಗೊತ್ತು ಸಾರ್."

ಗೊತ್ತು ಅಂತ ಯಾಕೆ ಹೇಳಿದೆನೋ.

29 ಏಪ್ರಿಲ್, ಭಾನುವಾರ

ಮೊದಲ ರಿಂಗು ಹುಯ್ದೆವು. ಸೀಮೆಎಣ್ಣೆ ಡಬ್ಬದಲ್ಲಿ ಅಳತೆ. ನೀರು ನಾನೇ ಹುಯ್ದೆ, ಯಾರಿಗೂ ಬಿಡಲಿಲ್ಲ. ಕುಟ್ಟಬೇಡಿ, ಮೆಲ್ಲಗೆ ಒತ್ತಿ ಅಂತ ಕೂಗಿ ಕೂಗಿ ಗಂಟಲು ಹೋಯಿತು. ಕುಟ್ಟಿದರೆ ಪಾಕ ಇಳಿಯುತ್ತೆ.

ಮುದ್ದಮ್ಮ: "ಬಾವಿಗೆ ಬಳೆ ತೊಡಿಸ್ತಾ ಅವ್ನೆ ನಮ್ ದೇವ. ಎಂಡ್ತಿಗ್ ಯಾವಾಗ್ಲಾ?"

ಮೇಲೆ ಒದ್ದೆ ಗೋಣಿಚೀಲ ಹೊದಿಸಿದೆ. ಊಟ ಆದ ಮೇಲೂ ಎರಡು ಸಲ ಎದ್ದು ಹೋಗಿ ಮುಟ್ಟಿ ಬಂದೆ.

4 ಮೇ, ಶುಕ್ರವಾರ

ಮೂರು ರಿಂಗು ಆಯಿತು. ಮೂರೂ ಕಲ್ಲಿನಷ್ಟು ಗಟ್ಟಿ. ನೀರು ಸುರಿದರೆ ಜರಡಿ ಹಾಗೆ ಆಚೆ ಹೋಗುತ್ತೆ.

ನಾಲ್ಕನೆಯದೇ ಮುಖ್ಯ. ಅದು ಎಲ್ಲಕ್ಕಿಂತ ಕೆಳಗೆ ಕೂರೋ ಬಳೆ. ಅದರ ಅಡಿ ಚೂಪಾಗಿರಬೇಕು, ಮರಳನ್ನು ಕತ್ತರಿಸಿಕೊಂಡು ಇಳಿಯೋಕೆ. ಆ ಮೊನೆಗೆ ಗಾಡಿಚಕ್ರದ ಹಳೇ ಕಬ್ಬಿಣದ ಪಟ್ಟಿ ಕೂರಿಸೋದು ಅಂತ ಆಗಿದೆ. ಮಂಡ್ಯದ ಕಮ್ಮಾರ ಇನ್ನೂ ಕೊಟ್ಟಿಲ್ಲ. ಮೇಲಿನ ಮೂರರ ಭಾರ ಅದರ ಮೇಲೆ. ಅಪ್ಪ ಕೂರೋದೂ ಅದರೊಳಗೆ.

ನಾಲೆ ನಿಲ್ಲಿಸಿದ್ದಾರೆ. ಹೆಂಗಸರು ಒಣಗಿದ ನಾಲೆಯಲ್ಲಿ ಗುಳಿ ತೋಡಿ ಚಿಪ್ಪಿನಲ್ಲಿ ಮೊಗೆದು ತರ್ತಾರೆ. ಜೆಲ್ಲಿ ತೊಳೆಯೋಕೆ ಎರಡು ಕೊಡ ಕೇಳಿದರೆ ಬೀರಮ್ಮ, "ನಿನ್ ಕಲ್ಲಿಗೆ ಸ್ನಾನ, ನಮ್ ಮಕ್ಳಿಗೆ ಬರೀ ಬಾಯೊಣಗ್ಲು" ಅಂದಳು. ಕೊಟ್ಟಳು, ಆದರೆ ಮಾತು ಅಂದೇ ಕೊಟ್ಟಳು.

ಜೂನ್ ಎರಡನೇ ವಾರ ನಾಲೆ ಮತ್ತೆ ಬಿಡ್ತಾರೆ. ಬಿಟ್ಟರೆ ನೆಲದ ನೀರು ಏರುತ್ತೆ, ಆಮೇಲೆ ಗುಂಡಿಗಿಳಿಯೋ ಮಾತಿಲ್ಲ.

7 ಮೇ, ಸೋಮವಾರ. ಸಂಜೆ.

ಮೊನೆ ಬಳೆ ಆಯಿತು!

ಬೆಳಿಗ್ಗೆ ಪಟ್ಟಿ ತರೋಕೆ ಮಂಡ್ಯಕ್ಕೆ ಹೋಗಿದ್ದೆ. ಬರೋ ಹೊತ್ತಿಗೆ ಜೆಲ್ಲಿ ತೊಳೆದು ರಾಶಿ ಹಾಕಿ, ಕೊಡಗಳಲ್ಲಿ ನೀರು ತುಂಬಿಟ್ಟಿದ್ದರು. ನೀರು ಒಂದಿಷ್ಟು ಕೆಂಚಗಿತ್ತು. ಗುಳಿ ನೀರು ಈಗ ಹೀಗೇ ಇರುತ್ತೆ. ಅಳೆದೇ ಹುಯ್ದೆ.

ಇವತ್ತಿನ ಪಾಕ ಮೂರಕ್ಕಿಂತಲೂ ಚೆನ್ನಾಗಿ ಬಂತು. ಸಲೀಸಾಗಿ ಹೊರಳಿತು, ಒಂದೊಂದು ಕಲ್ಲೂ ಎಣ್ಣೆ ಹಚ್ಚಿದ ಹಾಗೆ ಮಿರಮಿರ. ಕೈ ಪಳಗಿತು ಅಂತ ಕಾಣುತ್ತೆ. ಅಪ್ಪ ಬಗ್ಗಿ ನೋಡಿ "ಊಂ" ಅಂದ. ಅಪ್ಪನ ಊಂ ಅಂದರೆ ಫಸ್ಟ್ ಕ್ಲಾಸು.

8 ಮೇ, ಮಂಗಳವಾರ. ಬೆಳಿಗ್ಗೆ.

ಮೆತ್ತಗಿದೆ. ಮಿಕ್ಕ ಮೂರೂ ಈ ಹೊತ್ತಿಗೆ ಗಟ್ಟಿಯಾಗಿದ್ದವು. ಸೆಕೆ ಕಮ್ಮಿ ಇರಬೇಕು. ಸಂಜೆಗೆ ಆಗುತ್ತೆ.

ಸಂಜೆ.

ಆಗಿಲ್ಲ. ಉಗುರು ಇಳಿಯುತ್ತೆ.

9 ಮೇ, ಬುಧವಾರ

ಇವತ್ತೂ ಹಾಗೇ. ಒಂದು ಕಲ್ಲು ಬೆರಳಲ್ಲಿ ಕಿತ್ತೆ, ಬಂತು. ವಾಪಸ್ ಇಟ್ಟು ಒತ್ತಿದೆ. ಯಾರಾದರೂ ನೋಡಿದರೋ ಅಂತ ತಿರುಗಿ ನೋಡಿದೆ.

ಅಳತೆ ತಪ್ಪಿತಾ? ಡಬ್ಬ ಎಣಿಸಿದ್ದು ನಾನೇ. ಸಿಮೆಂಟು ಕೆಟ್ಟಿತ್ತಾ? ಅದೇ ಚೀಲದ್ದು ಮೂರನೇ ರಿಂಗಿಗೂ ಹಾಕಿದ್ದು. ಎಲ್ಲಾ ಮತ್ತೆ ಮತ್ತೆ ಎಣಿಸ್ತಿದೀನಿ. 

ಬೋರಯ್ಯನವರು ಬಂದರು, ಬಹಳ ಖುಷಿಯಲ್ಲಿ. "ಜರ್ಮನಿ ಸೋತುಹೋಯ್ತಂತೆ ಕಣಯ್ಯಾ! ಇನ್ನು ಸಿಮೆಂಟಿಗೆ ಪರ್ಮಿಟ್ಟು ಗಿರ್ಮಿಟ್ಟು ಎಲ್ಲಾ ಹೋಗುತ್ತೆ ನೋಡ್ತಿರು." ಆಮೇಲೆ ಗೋಣಿಚೀಲ ಎತ್ತಿ ನೋಡಿದರು. ಹೆಬ್ಬೆಟ್ಟು ಒತ್ತಿದರು. ಗುರುತು ಬಿತ್ತು.

"ಇದೇನಯ್ಯಾ?"

ನಾನು ಬಗ್ಗಿ ಆ ಗುರುತನ್ನು ಬೆರಳಲ್ಲಿ ಒರೆಸಿದೆ.

"ಒಡೆದು ಹಾಕು. ಇದ್ರೊಳಗೆ ನಾಯೀನೂ ಇಳಿಸೋಕಾಗಲ್ಲ."

"ಸಿಮೆಂಟು, ಸಾರ್...?"

"ಇನ್ನೆಲ್ಲಿ ಸಿಮೆಂಟು? ಹೇಳಿರ್ಲಿಲ್ವಾ ನಿಂಗೆ?" ಸೈಕಲ್ ಹತ್ತಿ ಹೋದರು.

ಅಪ್ಪ ಹಾರೆ ತರಲಿಲ್ಲ. "ಒಸಿ ದಿನ ಬುಡು" ಅಂತ ಮತ್ತೆ ಗೋಣಿ ಹೊದಿಸಿದ, ಜ್ವರ ಬಂದೋರಿಗೆ ಹೊದಿಸೋ ಹಾಗೆ. ರಿಂಗಿನ ಪಕ್ಕದಲ್ಲೆಲ್ಲ ಕಟ್ಟಿರುವೆ ಸಾಲು. ಕಾಲಿಗೆ ಕಚ್ಚಿದವು. ಅದೊಂದು ಬೇರೆ.

11 ಮೇ, ಶುಕ್ರವಾರ

ಇರುವೆ!

ಬೆಳಿಗ್ಗೆ ನೋಡಿದೆ. ಮಿಕ್ಕ ಮೂರು ರಿಂಗಿನ ಹತ್ತಿರ ಒಂದೂ ಇಲ್ಲ. ನಾಲ್ಕನೆಯದಕ್ಕೆ ಮಾತ್ರ ಸಾಲು, ಕಲ್ಲಿನ ಸಂದಿಗೆ ನುಗ್ಗಿ ಹೊರಗೆ ಬರ್ತವೆ. ಬೆರಳಿಗೆ ಅಂಟಿದ್ದನ್ನು ನೆಕ್ಕಿದೆ. ಸುಣ್ಣದ ಹಾಗೆ ಉರಿ, ಆಮೇಲೆ ಹಿಂದೆಯೇ...

ಅವ್ವ ರಾಗಿ ಬೀಸ್ತಾ ಇದ್ದಳು. "ಅವ್ವ, ಸೋಮವಾರ ನೀರು ಎಲ್ಲಿಂದ ತಂದ್ರಿ?"

"ಆಲೆಮನೆಯಿಂದ."

"ಯಾವ ನೀರು?"

"ಬೆಲ್ಲ ಕಾಯ್ಸೋ ಕೊಪ್ಪರಿಗೆ ತೊಳೆದ್ ನೀರು. ಗುಳೀಲಿ ನೀರೆಲ್ಲದೆ? ಇರೋ ನಾಲ್ಕ್ ಕೊಡಾನ ಕಲ್ಲಿಗ್ ಉಯ್ದ್ರೆ ಬೀರಿ ಮಕ್ಳು ಏನ್ ಕುಡಿಯವು? ದನಕ್ಕೆ ಉಯ್ಯೋ ನೀರು, ಕೆಂಪಯ್ನೋರು ತಕ್ಕೋ ಓಗಿ ಅಂದ್ರು."

"ಅವ್ವಾ... ಅದ್ರಲ್ಲಿ ಬೆಲ್ಲ ಇರುತ್ತೆ!"

"ಊಂ ಮತ್ತೆ. ಇರ್ಲಿ ಅಂತ್ಲೇ ತಂದಿದ್ದು." ಬೀಸೋದು ನಿಲ್ಲಿಸಿದಳು. "ಗಾರೆಗೆ ಬೆಲ್ಲ ಆಕ್ದೆ ಇರ್ತಾರಾ? ದೊಡ್ಡೋರ್ ಮನೆ ಮಾಳಿಗೆಗೆಲ್ಲಾ ನಿಮ್ಮಜ್ಜಿ ಬೆಲ್ಲದ್ ನೀರು ಒತ್ತವ್ಳೆ. ಸಿಮೆಂಟೇ ಬೆಲ್ಲದ್ ಪಾಕ ಅಂತ ನೀನೇ ಯೋಳ್ದೆ. ಪಾಕ ಕಮ್ಮಿ ಆಯ್ತು, ಜಾಸ್ತಿ ಆಯ್ತು ಅಂತ ಒದ್ದಾಡ್ತಿದ್ದೆ. ಒಳಗ್ ಇಳಿಯೋನು ನಿಮ್ಮಪ್ಪ. ಇನ್ನೊಂದ್ ಚೂರ್ ಅಂಟಿದ್ರೆ ಒಳ್ಳೇದೇ ಅಲ್ವಾ ಅಂದ್ಕಂಡೆ."

ಬಯ್ಯೋಕೆ ಬಾಯಿ ತೆಗೆದೆ. ಏನಂತ ಬಯ್ಯೋದು. ಮೊದಲ ಅಚ್ಚಿನ ಪುಡಿ ಮೂಲೆ ನೆನಪಿಗೆ ಬಂತು. ಬೆಲ್ಲದ ಮಣೆ ತೊಳೆಯದೆ ಹುಯ್ದದ್ದು. ಉತ್ತರ ಅವತ್ತೇ ನನ್ನ ಕೈಯಲ್ಲಿತ್ತು.

"ಕೆಟ್ಟೋಯ್ತಾ ಮಗ?" ಅಂದಳು ಅವ್ವ.

"ಗೊತ್ತಿಲ್ಲ."

ಅವ್ವ ಬೀಸುಕಲ್ಲಿನ ಹಿಡಿ ಹಿಡಿದುಕೊಂಡು ಹಾಗೇ ಕೂತಿದ್ದಳು, ತಿರುಗಿಸಲಿಲ್ಲ.

ಅಪ್ಪನಿಗೆ ಹೇಳಿದರೆ ನಕ್ಕುಬಿಟ್ಟ. "ಅದ್ಕೇನಾ ಇರುವೆ! ಇರುವೆಗ್ ಗೊತ್ತಾಯ್ತು, ನಿಮ್ ಕಾಲೇಜ್ನೋರ್ಗೆ ಗೊತ್ತಾಗ್ನಿಲ್ಲ."

13 ಮೇ, ಭಾನುವಾರ

ಇವತ್ತು ಉಗುರು ಇಳಿಯಲಿಲ್ಲ. ಮೂರು ಸಲ ನೋಡಿದೆ. ಇಳಿಯಲಿಲ್ಲ.

ಕಲ್ಲು ಬೆರಳಿಗೆ ಬರಲಿಲ್ಲ. ಗಟ್ಟಿ ಆಗ್ತಾ ಇದೆಯಾ, ಇಲ್ಲಾ ಬರೀ ಒಣಗ್ತಾ ಇದೆಯಾ? ಎರಡೂ ಬೇರೆ. ಒಣಗಿದ ಮಣ್ಣೂ ಗಟ್ಟಿಯೇ.

ಪರೀಕ್ಷೆ ಮಾಡಲೇಬೇಕು. ಚಾವಡಿ ನೆಲದಲ್ಲಿ ಉದುರಿದ್ದ ಸಿಮೆಂಟು ಗುಡಿಸಿ, ಜರಡಿ ಹಿಡಿದು, ಮೂರು ಅಚ್ಚಿಗಾಗುವಷ್ಟು ಸಿಕ್ಕಿತು. ಒಂದಕ್ಕೆ ಬರೀ ನೀರು. ಒಂದಕ್ಕೆ ಕೊಪ್ಪರಿಗೆ ನೀರು. ಒಂದಕ್ಕೆ ಬೇಕಂತಲೇ ಗಟ್ಟಿ ಬೆಲ್ಲದ ನೀರು.

ಅವತ್ತಿನ ಕೊಪ್ಪರಿಗೆ ನೀರು ಎಷ್ಟು ಸಿಹಿ ಇತ್ತು ಅಂತ ಯಾರಿಗೆ ಗೊತ್ತು? ಅವ್ವ ಇವತ್ತಿನದನ್ನು ನಾಲಗೆಗೆ ಹಾಕಿಕೊಂಡಳು. "ಇದು ಜಾಸ್ತಿ. ಒಂದ್ ಚೊಂಬು ನೀರ್ ಉಯ್ಯಿ." ಹುಯ್ದೆ. "ಇನ್ನೊಂದರ್ಧ." ಹುಯ್ದೆ. ನೆನಪು ಮಾಡಿಕೊಳ್ಳೋ ಹಾಗೆ ಕಣ್ಣು ಮುಚ್ಚಿದಳು. "ಅವತ್ತು ಇಷ್ಟೇ ಇರ್ಬೇಕು... ಇಲ್ಲಾ ಒಸಿ ಜಾಸ್ತಿ ಇತ್ತೋ."

ಮುದ್ದಮ್ಮನೂ ರುಚಿ ನೋಡಿ ಇನ್ನೊಂದು ಲೋಟ ಕೇಳಿದಳು.

ಬೋರಯ್ಯನವರಿಗೆ ಹೇಳಬೇಕೋ ಬೇಡವೋ. ಹೇಳಿದರೆ ತಾವೇ ನಿಂತು ಒಡೆಸಿಬಿಡ್ತಾರೆ. ಹೇಳದಿದ್ದರೆ... ನಾಳೆ ಅಪ್ಪ ಅದರೊಳಗೆ ಇಳಿಯೋವಾಗ ಅವರಿಗೂ ಗೊತ್ತಿರಬೇಕಲ್ಲ.

14 ಮೇ, ಸೋಮವಾರ

ಹೇಳಿದೆ. ಕೊತ್ತತ್ತಿ ತೂಬಿನ ಹತ್ತಿರ ಸಿಕ್ಕಿದರು. ಸೈಕಲ್ ಇಳಿದು ತೂಬಿನ ಕಟ್ಟೆ ಮೇಲೆ ಕೂತರು. ಆಮೇಲೆ, "ರಿಪೋರ್ಟಲ್ಲಿ ಬೆಲ್ಲ ಅಂತ ಬರೆದ್ರೆ ಮೇಲಿನೋರು ನನ್ನ ಹುಚ್ಚಾಸ್ಪತ್ರೆಗೆ ಕಳಿಸ್ತಾರಯ್ಯ."

"ಅಚ್ಚು ಒಡೆದು ನೋಡೋವರೆಗೆ ಟೈಮ್ ಕೊಡಿ ಸಾರ್."

"ನಾಲೆ ಬಿಡೋಕೆ ಮುಂಚೆ ಏನಾದ್ರೂ ಒಂದು ಹೇಳು. ಇಳಿಸೋದಾದ್ರೆ ನಿಮ್ಮಪ್ಪನ್ನ ಕೇಳಿ ಇಳಿಸು. ನಾನು ಬಲವಂತ ಮಾಡಲ್ಲ."

26 ಮೇ, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಬರೆಯೋಕೆ ಏನಿತ್ತು, ದಿನಾ ಗೋಣಿಚೀಲಕ್ಕೆ ನೀರು ಚಿಮುಕಿಸೋದು, ಮುಟ್ಟೋದು.

ಇವತ್ತು ಮೂರು ಅಚ್ಚೂ ತೊಲೆಗೆ ಕೊಟ್ಟೆ. ಕೇರಿಗೆ ಕೇರಿಯೇ ಹುಣಿಸೆ ಕೆಳಗೆ.

ಗಟ್ಟಿ ಬೆಲ್ಲದ್ದು ತೊಲೆ ಇಟ್ಟ ಕೂಡಲೇ ಪುಡಿ. ಯಾರೂ ಕೂರಲೇ ಇಲ್ಲ. ಅವ್ವ ಸೆರಗು ಬಾಯಿಗೆ ಇಟ್ಟುಕೊಂಡಳು.

ಬರೀ ನೀರಿನದು ಅಪ್ಪ, ಮುದ್ದಮ್ಮ, ನಿಂಗಯ್ಯ ಮೂವರಿಗೂ ನಿಂತಿತು. ನಾಲ್ಕನೆಯವನು ಕಾಲು ಎತ್ತಿದಾಗ ಒಡೆಯಿತು. ಮೊದಲಿನ ಹಾಗೇ.

ಕೊಪ್ಪರಿಗೆ ನೀರಿನದು... ಮೂವರು ಕೂತರು. ನಾಲ್ಕನೆಯವನು ಕೂತ. ಒಡೆಯಲಿಲ್ಲ. ಬೀರಮ್ಮ ಕೂತಳು. ಆಗ ಚಟ್ ಅಂತು.

 ಮುದ್ದಮ್ಮ ಅವ್ವನ ಕಡೆ ತಿರುಗಿ, "ಮಾದೇವಮ್ಮೋ, ಮುಂದಿನ್ ಬಾವಿಗೆ ನೀನೇ ಇಂಜಿನಿಯರು ಕಣಮ್ಮ" ಅಂದಳು. ಅವ್ವ ನಗಲಿಲ್ಲ. ಪುಡಿಯಾದ ಆ ಗಟ್ಟಿ ಬೆಲ್ಲದ್ದನ್ನೇ ನೋಡ್ತಾ ಇದ್ದಳು.

ನನಗೆ ಅರ್ಥವಾದದ್ದು ಇಷ್ಟು: ಚೂರು ಬೆಲ್ಲ ತಡ ಮಾಡುತ್ತೆ, ಕೆಡಿಸಲ್ಲ. ಜಾಸ್ತಿ ಬೆಲ್ಲ ಕೊಲ್ಲುತ್ತೆ. ಮೊನೆ ಬಳೆ ಎರಡರ ನಡುವೆ ಎಲ್ಲಿದೆ ಅನ್ನೋದು ಅವ್ವನ ನಾಲಗೆಯ ನೆನಪಿನ ಮೇಲೆ. ಅದೂ "ಒಸಿ ಜಾಸ್ತಿ ಇತ್ತೋ" ಅಂದಿದ್ದಾಳೆ.

2 ಜೂನ್, ಶನಿವಾರ

ಮೊನೆ ಬಳೆಯನ್ನು ಮರಳ ಮೇಲೆ ಕೂರಿಸಿ, ಮಿಕ್ಕ ಮೂರನ್ನೂ ಅದರ ಮೇಲೆ ಹೇರಿಸಿದೆ. ಸಾಲದು ಅಂತ ಗಂಡಸರನ್ನೆಲ್ಲ ಮೇಲೆ ಹತ್ತಿಸಿದೆ. ಸದ್ದಿಲ್ಲ. ಸುತ್ತ ಬಗ್ಗಿ ನೋಡಿದೆ, ಒಂದು ಬಿರುಕಿಲ್ಲ.

ಆದರೆ ಇದು ಮೇಲಿನ ಭಾರ. ಒಳಗೆ ಇಳಿದ ಮೇಲೆ ಮರಳು ಪಕ್ಕದಿಂದ ಅಮುಕುತ್ತೆ. ಅದನ್ನು ಇಲ್ಲಿ ತೋರಿಸೋಕಾಗಲ್ಲ.

ಅಪ್ಪನಿಗೆ ಎಲ್ಲಾ ಬಿಡಿಸಿ ಹೇಳಿದೆ. ಅಪ್ಪ ಬೀಡಿ ಹಚ್ಚಿಕೊಂಡು ಕೇಳಿದ.

"ಅಚ್ಚು ನಿಂತದೆ. ಬಳೆ ನಿಲ್ತದಾ?"

"ಗೊತ್ತಿಲ್ಲ ಅಪ್ಪ."

"ನಿನ್ ಮನಸ್ಗೆ ನಿಲ್ತದೆ ಅಂತ್ಲೋ, ಇಲ್ಲಾ ಅಂತ್ಲೋ?"

"ನಿಲ್ಲುತ್ತೆ ಅಂತ್ಲೇ. ಆದ್ರೆ ಗೊತ್ತಿಲ್ಲ."

ಅಪ್ಪ ಬೀಡಿ ನೆಲಕ್ಕೆ ಒತ್ತಿ ಆರಿಸಿದ. "ಓದ್ ವರ್ಸ ಬಳೆ ಇಲ್ದೆ ಇಳ್ದೆ. ಈ ವರ್ಸ ಮೆತ್ತಗಿನ್ ಬಳೆ ಆದ್ರೂ ಅದೆ. ಮಂಗಳವಾರ ಇಳಿಸ್ಮ."

ಇದನ್ನು ಧೈರ್ಯ ಅನ್ನಬೇಕೋ ಏನೋ. 

5 ಜೂನ್, ಮಂಗಳವಾರ. ದೀಪ ಹಚ್ಚೋ ಹೊತ್ತು.

ಬೆರಳಿಗೆಲ್ಲ ಒದ್ದೆ ಮರಳು ಅಂಟಿದೆ. ಅಕ್ಷರ ಹೇಗೋ ಬರ್ತಿದೆ.

ಬೆಳಿಗ್ಗೆ ಹಗ್ಗ ಕಟ್ಟಿ ಮೊನೆ ಬಳೆ ಇಳಿಸಿದೆವು. ಅಪ್ಪ ಒಳಗೆ ಕೂತು ಮರಳು ತೆಗೆದ, ನಾವು ಬುಟ್ಟಿಯಲ್ಲಿ ಎಳೆದೆವು. ಬಳೆ ಚೂರು ಚೂರೇ ಇಳಿಯಿತು. ಮಧ್ಯಾಹ್ನ ಎರಡನೆಯದು ಮೇಲೆ ಕೂತಿತು, ಆಮೇಲೆ ಮೂರನೆಯದು. ಅದು ನಾನು ಮೊಟ್ಟಮೊದಲು ಹುಯ್ದ ರಿಂಗು. ಬಳೆಗೂ ಗುಂಡಿಯ ಗೋಡೆಗೂ ನಡುವೆ ಹೊಳೆಗಲ್ಲು ಸುರಿಸಿದೆ. ಅದಕ್ಕಾದರೂ ಉಪಯೋಗಕ್ಕೆ ಬಂತು.

ಆಗ ಸದ್ದು. ಒಣ ಕಟ್ಟಿಗೆ ಮುರಿದ ಹಾಗೆ.

ಎಲ್ಲರೂ ಹಗ್ಗ ಹಿಡಿದು ನಿಂತುಬಿಟ್ಟರು. ಅವ್ವ "ಬೆಟ್ಟಾ!" ಅಂತ ಅಪ್ಪನ ಹೆಸರು ಹಿಡಿದು ಕೂಗಿದಳು. ಹೆಸರು ಹಿಡಿದು ಕರೆದದ್ದು ನಾನು ಯಾವತ್ತೂ ಕೇಳಿರಲಿಲ್ಲ.

ಕೆಳಗಿನಿಂದ: "ಇವ್ನಿ, ಇವ್ನಿ. ಒಂದ್ ಕಲ್ಲು ಬಂತು ಮೈಮೇಲೆ. ದೇವನ್ ಕಳ್ಸಿ. ಮಾಡ್ದೋನು ನೋಡ್ಲಿ."

ನಾನು ಬಾವಿಗೆ ಇಳಿದವನೇ ಅಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ಇಳಿಸಿದರು. ಕಣ್ಣು ಮುಚ್ಚಿಕೊಂಡೇ ಇಳಿದೆ. ತಣ್ಣಗೆ ಕಾಲಿಗೆ ನೀರು ತಾಕಿತು.

ಅಪ್ಪ ನನ್ನ ಕೈ ಹಿಡಿದು ಗೋಡೆ ಮುಟ್ಟಿಸಿದ. ಮೊನೆ ಬಳೆ ಸುತ್ತಲೂ ಸವರಿದೆ. ಗಟ್ಟಿ. ಎಲ್ಲ ಸಂದಿನಿಂದಲೂ ನೀರು ಬೆವರ್ತಾ ಇದೆ, ತಿಳಿ ನೀರು, ಮರಳಿಲ್ಲ. ಬಿರುಕು ಇದ್ದದ್ದು ಮೇಲೆ. ನನ್ನ ಮೊದಲ ರಿಂಗಿನ ತುಟಿಯಲ್ಲಿ, ಒಂದು ಗೇಣು. ಇಳಿಸುವಾಗ ತಗುಲಿರಬೇಕು.

"ನಿಮ್ಮವ್ವಂದು ನಿಂತದೆ" ಅಂದ ಅಪ್ಪ ಕತ್ತಲಲ್ಲಿ. "ನಿಂದೇ ಉದುರ್ತಾ ಇರಾದು."

ನನಗೆ ನಗು ಬರಲಿಲ್ಲ. ಬಿರುಕಿನ ಉದ್ದಕ್ಕೂ ಬೆರಳಾಡಿಸಿದೆ. ತುಟಿಯಲ್ಲೇ ನಿಂತಿದೆಯಾ, ಒಳಗೆ ಹೋಗಿದೆಯಾ. ಮತ್ತೆ ಮುಟ್ಟಿದೆ. ಕೆಳಗೆ ಇಳಿದಿಲ್ಲ.

"ಯೋಳು. ಅಗೀಲಾ, ಮೇಲಕ್ ಅತ್ಲಾ?"

ಮೇಲೆ ಒಂದು ದುಂಡನೆ ಬೆಳಕು, ಅದರ ಅಂಚಿನಲ್ಲಿ ತಲೆಗಳು. ಬೋರಯ್ಯನವರಿಲ್ಲ, ಲೆಕ್ಚರರ್ ಇಲ್ಲ, ಸರ್ಕ್ಯುಲರ್ ಇಲ್ಲ. ಅಪ್ಪ ಗುದ್ದಲಿ ಹಿಡಿದು ಕಾಯ್ತಾ ಇದ್ದ.

"ಅಗಿ" ಅಂದೆ.

ಅಗೆದ. ನಾನು ಮೇಲೆ ಹೋಗಲಿಲ್ಲ. ಬುಟ್ಟಿ ತುಂಬಿ ತುಂಬಿ ಕಳಿಸಿದೆ. ಬಳೆಗಳು ಮೂರೂ ಒಟ್ಟಿಗೇ ಗರ್ ಅಂತ ಒಂದು ಗೇಣು ಇಳಿದವು. ಮಂಡಿವರೆಗೆ ನೀರು ಬಂತು.

6 ಜೂನ್, ಬುಧವಾರ. ಬೆಳಿಗ್ಗೆ.

ಗುಂಡಿ ಅಂಚಿನಲ್ಲಿ ಕೂತು ಬರೀತಿದೀನಿ. ಬೋರಯ್ಯನವರು ಸೈಕಲ್ ಓಡಿಸಿಕೊಂಡು ಬಂದು ಹೇಳಿದರು, ನಾಲೆ ಒಂದು ವಾರ ಮುಂಚೆ ಬಿಟ್ಟುಬಿಟ್ಟಿದ್ದಾರಂತೆ. ಸಂಜೆಗೆ ನಮ್ಮ ಕಡೆಗೆ ನೀರು. ಇವತ್ತೇ ಇನ್ನೊಂದಡಿ ಇಳಿಸಿ ಕೊನೇ ಬಳೆ ಕೂರಿಸಬೇಕು. ಇಲ್ಲದಿದ್ದರೆ ಬೇಸಿಗೆಗೆ ಒಣಗೋ ಬಾವಿ.

ನೀರಲ್ಲಿ ಬಗ್ಗಿ ಬಗ್ಗಿ ಅಪ್ಪನ ಸೊಂಟ ಹಿಡಿದಿದೆ. ಎದ್ದು ನಿಂತರೆ ಕೈ ಗೋಡೆಗೆ ಹೋಗುತ್ತೆ. ಆದರೂ ತಾನೇ ಇಳೀತೀನಿ ಅಂತಾನೆ. ನಾನು ಅಂದೆ, ಎಷ್ಟಕ್ಕೆ ಎಷ್ಟು ಅಂತ ಹೇಳಿದ್ದು ನಾನು, ಅಗಿ ಅಂದಿದ್ದೂ ನಾನು, ಇವತ್ತು ಇಳಿಯೋನೂ ನಾನೇ.

ಬೋರಯ್ಯನವರು, "ಯೋಚನೆ ಮಾಡಯ್ಯ, ನೀನು ಓದೋ ಹುಡುಗ" ಅಂದರು. ಯೋಚನೆ ಮಾಡಿ ಮಾಡಿಯೇ ಇಲ್ಲಿವರೆಗೆ ಬಂದಿರೋದು ಸಾರ್ ಅನ್ನಬೇಕು ಅನ್ನಿಸಿತು.

ಸೊಂಟಕ್ಕೆ ಹಗ್ಗ ಬಿಗಿದಾಗಿದೆ. ಅವ್ವ ಗಂಟು ಬಿಚ್ಚಿ ತಾನೇ ಮತ್ತೆ ಹಾಕಿದಳು. "ಎದ್ರಿಕೆ ಆದ್ರೆ ಹಗ್ಗ ಅಲ್ಲಾಡ್ಸು ಮಗ" ಅಂದಳು. ಮುದ್ದಮ್ಮ, "ಮ್ಯಾಲೆ ನಾನ್ ಕೂರ್ಬೇಕೇನ್ಲಾ, ಪರೀಕ್ಸೆಗೆ?" ಅಂತಾಳೆ.

ಹಗ್ಗದ ಇನ್ನೊಂದು ತುದಿ ಅಪ್ಪನ ಕೈಯಲ್ಲಿ. ಎರಡು ಸುತ್ತು ಸುತ್ತಿಕೊಂಡು ಹುಣಿಸೆಗೆ ಕಾಲು ಕೊಟ್ಟು ಕೂತಿದ್ದಾನೆ. "ಬರ್ದಿದ್ ಸಾಕು. ಇಳೀತೀಯೋ, ನಾನೇ ಇಳೀಲೋ?"

 ಇಳೀತೀನಿ. ಸಂಜೆ ಎಲ್ಲಾ ಸರಿಯಾಗಿ ಬರೀಬೇಕು, ಮೊನೆ ಬಳೆ ಎಷ್ಟು ಇಳಿಯಿತು, ನೀರು ಯಾವ ಕಡೆಯಿಂದ ಜಾಸ್ತಿ, ಬಿರುಕು ಕೆಳಗಿಳಿಯಿತಾ... ಅಪ್ಪ ಹಗ್ಗ ಜಗ್ಗಿದ. ಹೊರಟೆ.